ಕುಡಿ ಕಚ್ಚುವ ತನಕ

ನಮ್ಮೂರಿನಲ್ಲಿ ಹೊಸ ಮನೆಯ ಬಾಗಿಲಿಗೆ ಚಿಲಕ ಕೂರಬೇಕಾದರೆ ಆ ಮನೆಯ ಗಾಜಿನ ತೊಟ್ಟಿಯಲ್ಲಿ ಹವಳ ಕಲ್ಲು ಕಚ್ಚಬೇಕು. ಅಲ್ಲಿಯವರೆಗೆ ಬಡಗಿ ಎಂಥವನೇ ಆಗಿರಲಿ, ಚಿಲಕ ಹಿತ್ತಾಳೆಯದೇ ಆಗಿರಲಿ, ಅದರ ಕಡ್ಡಿ ತೂತಿನ ಬಾಯಿಗೆ ಬಂದು ನಿಂತುಬಿಡುತ್ತದೆ. ಹೊರಗಿನಿಂದ ಬೀಗ ಹಾಕಿದರೆ ಬೀಗ ಬಾಯಿ ಬಿಡುತ್ತದೆ. ಒಳಗಿನಿಂದ ಒರಳುಕಲ್ಲು ಅಡ್ಡ ಇಟ್ಟವರೂ ಇದ್ದಾರೆ. ಬೆಳಿಗ್ಗೆ ಎದ್ದು ನೋಡಿದರೆ ಒರಳು ಅಡುಗೆಮನೆಯಲ್ಲಿರುತ್ತದೆ, ಬಾಗಿಲು ಹಾರುಹೊಡೆದಿರುತ್ತದೆ. ಪರಸ್ಥಳದಿಂದ ಬಂದವರು ಇದೆಲ್ಲ ಯಾಕೆ ಹೀಗೆ ಎಂದು ಕೇಳುತ್ತಾರೆ. ಊರಿನವರು ಕೇಳುವುದಿಲ್ಲ. ಕೇಳುವ ಬುದ್ಧಿ ಇದ್ದಿದ್ದರೆ ಅವರು ಇನ್ನೂ ಎಷ್ಟೋ ಸಂಗತಿ ಕೇಳಬೇಕಾಗಿತ್ತು.

ಹವಳ ಅಂದರೆ ಉಂಗುರಕ್ಕೆ ಕೂರಿಸುವ ಕೆಂಪು ಹರಳಲ್ಲ. ಉಪ್ಪು ಕಲಸಿದ ನೀರಿನಲ್ಲಿ, ದೀಪದ ಕೆಳಗೆ, ಕೊಂಬೆ ಕೊಂಬೆಯಾಗಿ ಬೆಳೆಯುವ ಕಲ್ಲುಹವಳ. ನೋಡಿದರೆ ಗಿಡ, ಮುಟ್ಟಿದರೆ ಕಲ್ಲು, ಆದರೆ ಮೈತುಂಬ ಸಾಸಿವೆ ಗಾತ್ರದ ಬಾಯಿಗಳಿರುವ ಪ್ರಾಣಿ. ಒಂದು ಸಂಸಾರ ಬೇರೆಯಾಗುವಾಗ ಹಿರಿಯರ ಮನೆಯ ಹವಳದಿಂದ ಒಂದು ತುಂಡು ಕತ್ತರಿಸಿ ಹೊಸ ತೊಟ್ಟಿಯ ಕಲ್ಲಿಗೆ ಅಂಟಿಸುತ್ತಾರೆ. ಆ ತುಂಡಿಗೆ ಕುಡಿ ಎಂದು ಹೆಸರು. ಅಂಟು ಹಿಡಿದರೆ ಸಾಲದು. ಕುಡಿಯ ಮೈ ತಾನಾಗಿ ಇಳಿದು ಕಲ್ಲಿನ ಮೇಲೆ ಹಬ್ಬಬೇಕು. ಅದಕ್ಕೆ ಕಚ್ಚುವುದು ಅನ್ನುತ್ತೇವೆ. ಸಿಮೆಂಟು ಮೆತ್ತಿ ಬಾಗಿಲಿಗೇ ಮೋಸ ಮಾಡಲು ಹೋದ ಜಾಣನೊಬ್ಬ ನಮ್ಮ ಹಿಂದಿನ ಬೀದಿಯಲ್ಲಿದ್ದಾನೆ. ಹನ್ನೆರಡು ವರ್ಷವಾಯಿತು, ಅವನ ಮನೆಯ ಬಾಗಿಲು ಇವತ್ತಿಗೂ ಗಾಳಿಗೆ ಬಡಿದುಕೊಳ್ಳುತ್ತಿದೆ.

ಕತ್ತರಿಸುವವಳು ನಾನು. ಹೆಸರು ಚಂಪಕ್ಕ. ಮೂವತ್ತೊಂದು ವರ್ಷದಿಂದ ಒಂದು ತಗಡಿನ ಡಬ್ಬಿಯಲ್ಲಿ ಮೂಳೆ ಕತ್ತರಿಸುವ ಇಕ್ಕಳ, ಅಯೋಡಿನ್ ಬಾಟಲಿ ಮತ್ತು ಅಂಟು ಇಟ್ಟುಕೊಂಡು ಮನೆಮನೆ ತಿರುಗಿದ್ದೇನೆ. ಕತ್ತರಿಸುವವರು ಸ್ವಂತ ತೊಟ್ಟಿ ಇಡಬಾರದು ಎಂದು ಊರಿನ ಕಟ್ಟಳೆ. ಇಟ್ಟರೆ ಕಂಡವರ ಹವಳ ಕದ್ದು ಬೆಳೆಸಿಯಾಳು ಎಂಬ ಗುಮಾನಿ. ಹಾಗಾಗಿ ನಾನು ತಮ್ಮನ ಮನೆಯಲ್ಲಿ, ತಮ್ಮನ ಚಿಲಕದ ಹಿಂದೆ ಮಲಗುತ್ತೇನೆ. ಊರಿನ ಅರ್ಧ ಬಾಗಿಲುಗಳು ನನ್ನ ಕೈಯಿಂದ ಮುಚ್ಚಿಕೊಂಡಿವೆ, ಅದನ್ನು ಯಾರೂ ನೆನೆಯುವುದಿಲ್ಲ, ನೆನೆಯುವ ಜನವೂ ಅಲ್ಲ.

ಈ ಜನಕ್ಕೆ ಹವಳದ ವಿಷಯ ಗೊತ್ತಿಲ್ಲ ಅನ್ನುವುದಕ್ಕಿಂತ, ಗೊತ್ತಿಲ್ಲ ಅನ್ನುವುದೇ ಗೊತ್ತಿಲ್ಲ. ಕುಡಿಯನ್ನು ಮೊದಲು ತೊಟ್ಟಿಯ ತಳದಲ್ಲಿ, ಮಂದ ಬೆಳಕಿನಲ್ಲಿ ಇಡಬೇಕು. ವಾರಕ್ಕೆ ಒಂದು ಗೇಣಿನಂತೆ ಮೇಲೆ ತರಬೇಕು. ಪಂಪಿನ ನೀರು ಮುಖಕ್ಕೆ ಹೊಡೆಯದೆ ಮೈ ಸವರಿಕೊಂಡು ಹೋಗಬೇಕು. ಒಂದರ ಪಕ್ಕ ಇನ್ನೊಂದನ್ನು ಒತ್ತಿ ಇಟ್ಟರೆ ಅವು ಒಂದನ್ನೊಂದು ಕುಟುಕಿ ಸಾಯಿಸುತ್ತವೆ, ಅಷ್ಟರ ಮಟ್ಟಿಗೆ ನಮ್ಮೂರಿನವರಂತೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಇಟ್ಟ ಮೇಲೆ ಮುಟ್ಟಬಾರದು. ಇಷ್ಟೇ ವಿದ್ಯೆ. ಆದರೆ ನಮ್ಮಲ್ಲಿ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕು. ಬಂದವರಿಗೆ ಕಾಣಲಿ ಎಂದು ಕುಡಿಯನ್ನು ನೇರ ದೀಪದ ಕೆಳಗೆ ಏರಿಸುತ್ತಾರೆ. ಅದು ಎರಡೇ ದಿನಕ್ಕೆ ಬಿಳಿಚಿಕೊಂಡರೆ ಯಾರ ಕಣ್ಣು ಬಿತ್ತೋ ಎಂದು ಮೆಣಸಿನಕಾಯಿ ನಿವಾಳಿಸುತ್ತಾರೆ.

ಇದೆಲ್ಲಕ್ಕೂ ಕಿರೀಟವಿಟ್ಟಂತೆ ಅಲ್ಲಾಡಿಸಿ ನೋಡುವ ಪದ್ಧತಿ. ಹಿರಿಯರು ಹೊಸ ಮನೆಗೆ ಬಂದು, ತೋಳು ಮಡಚಿ ತೊಟ್ಟಿಗೆ ಕೈ ಹಾಕಿ, ಕುಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಇನ್ನೂ ಕಚ್ಚಿಲ್ಲ ಎಂದು ಹೇಳಬೇಕು. ಅದು ವಾತ್ಸಲ್ಯದ ಗುರುತು. ಕುಡಿಯ ಅಂಚು ಕೂದಲೆಳೆಯಷ್ಟು ಕಲ್ಲಿನ ಮೇಲೆ ಹಬ್ಬಿದ್ದರೆ ಅಲ್ಲಿಗೆ ಹರಿದುಹೋಯಿತು. ಮೊಳಕೆ ಬಂತೇ ಎಂದು ದಿನಾ ಬೀಜ ಕೆದಕಿ ನೋಡುವವರ ಹೊಲದಲ್ಲಿ ಏನು ಬೆಳೆದೀತು? ಬಾಗಿಲಿಗೆ ಚಿಲಕವಿಲ್ಲದ ಕಾರಣ ಯಾರು ಬೇಕಾದರೂ ಒಳಗೆ ಬರಬಹುದು, ಬಂದವರೆಲ್ಲ ಅಲ್ಲಾಡಿಸಬಹುದು, ಅಲ್ಲಾಡಿಸಿದ್ದರಿಂದ ಚಿಲಕ ಕೂರುವುದಿಲ್ಲ. ಈ ಸುತ್ತಿನಿಂದ ಮನೆಗಳು ಪಾರಾಗುವುದು ಹಿರಿಯರ ಮಂಡಿನೋವಿನ ದಯೆಯಿಂದ. ಮೂರು ಸಲ ಬಂದು ಹೋಗುವಷ್ಟರಲ್ಲಿ ಅವರಿಗೂ ಸಾಕಾಗುತ್ತದೆ.

ನನಗೆ ಇದು ಕೆಲಸಕ್ಕೆ ಸೇರಿದ ಕೆಲವೇ ವರ್ಷಗಳಲ್ಲಿ ತಿಳಿದಿತ್ತು. ಒಮ್ಮೆ ಒಂದು ಮನೆಯಲ್ಲಿ ಬಾಯಿ ಬಿಟ್ಟು ಹೇಳಿಯೂ ಇದ್ದೆ. ಕತ್ತರಿಸುವುದು ನಿನ್ನ ಕೆಲಸ, ನೋಡುವುದು ನಮ್ಮ ಕೆಲಸ ಅಂದರು. ಆಮೇಲೆ ಬಾಯಿ ಮುಚ್ಚಿಕೊಂಡೆ. ಊರನ್ನು ಬೈಯುವಾಗ ಇದನ್ನೂ ಸೇರಿಸಿ ಬೈಯಬೇಕು, ಅದಕ್ಕೆ ಹೇಳಿದೆ.

ಈಗ ಚನ್ನವೀರಯ್ಯನ ವಿಷಯಕ್ಕೆ ಬರುತ್ತೇನೆ. ಹಿಟ್ಟಿನ ಗಿರಣಿಯ ಯಜಮಾನ, ಮಾತು ಬೆಣ್ಣೆ, ಮೂಗಿನಲ್ಲಿ ಸದಾ ನಶ್ಯ. ಅವನ ಮನೆಯ ಹವಳ ಛತ್ರಿಯಷ್ಟು ಅಗಲ, ತುದಿಗಳಲ್ಲಿ ನೇರಳೆ ಬಣ್ಣ. ಅವನ ಅಜ್ಜನ ಕಾಲದಿಂದ ಆ ಮನೆಯಿಂದ ಯಾರೂ ಬೇರೆ ಹೋಗಿಲ್ಲ. ಕತ್ತರಿ ಕಾಣದ ಹವಳ ಎಂದು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಹನ್ನೊಂದು ಜನ ಒಂದೇ ಸೂರಿನಡಿ ಉಸಿರುಕಟ್ಟಿಕೊಂಡು ಬದುಕುವುದನ್ನು ಅವನು ಒಗ್ಗಟ್ಟು ಅನ್ನುತ್ತಿದ್ದ.

ಅವನ ಕಿರಿಯ ಮಗ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಮಗನ ಹೆಂಡತಿ ನೀಲಾಂಬಿಕೆ, ಎಲ್ಲರ ಬಾಯಲ್ಲಿ ನೀಲಾ. ಮೂವತ್ತರ ಆಸುಪಾಸು, ಮಕ್ಕಳಿಲ್ಲ, ರವಿಕೆ ಹೊಲಿಯುವುದರಲ್ಲಿ ಎತ್ತಿದ ಕೈ. ಬೆಳಿಗ್ಗೆ ಹನ್ನೊಂದು ಜನರ ರೊಟ್ಟಿ ತಟ್ಟಿ ಆಮೇಲೆ ಮಷಿನ್ ಮುಂದೆ ಕೂರುತ್ತಿದ್ದಳು. ಒಂದು ದಿನ ಅವಳು ಹವಳದ ಮುಂದೆ ನಿಂತು, ಕಟ್ಟಳೆಯಂತೆ ಮೂರು ಸಲ, ನನಗೆ ಕುಡಿ ಬೇಕು ಎಂದು ಕೇಳಿದಳು. ಮೂರು ಸಲ ಕೇಳಿದವರಿಗೆ ಇಲ್ಲವೆನ್ನುವ ಹಾಗಿಲ್ಲ. ಒಬ್ಬರಿಗೆ ಮೂರು ಕುಡಿ, ಒಂದೊಂದಕ್ಕೆ ನಲವತ್ತು ದಿನ. ಮೂರೂ ಕಚ್ಚದಿದ್ದರೆ ಹಿರಿಯರ ಮನೆಗೆ ವಾಪಸು ಬರಬೇಕು, ಮತ್ತೆ ಜೀವಮಾನದಲ್ಲಿ ಕೇಳಬಾರದು.

ಗಂಡ ಸತ್ತವಳಿಗೆ ಬೇರೆ ಮನೆ ಯಾಕೆ ಎಂದು ಬೀದಿಯೆಲ್ಲ ಮಾತಾಡಿತು. ನಾನೂ ಕೇಳಿದೆ. ಇಕ್ಕಳ ತೊಳೆಯುತ್ತ, ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಒಂದು ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಕಾಲು ಚಾಚಿ ಮಲಗಬೇಕು ಚಂಪಕ್ಕ. ಯಾಕೆ ಮಲಗಿದೀಯ ಅಂತ ಯಾರೂ ಕೇಳಬಾರದು. ಅಷ್ಟೇ."

ಆ ಮನೆಯಲ್ಲಿ ಅವಳ ಟ್ರಂಕನ್ನು ಅತ್ತೆ ವಾರಕ್ಕೊಮ್ಮೆ ತೆಗೆದು ಒಳಗಿನದನ್ನೆಲ್ಲ ಮಡಚಿಡುತ್ತಿದ್ದಳು. ಅವಳು ಸ್ನಾನಕ್ಕೆ ಹೋದರೆ ಇನ್ನೂ ಆಗಲಿಲ್ಲವೇ ಎಂದು ಕೇಳಲು ಒಬ್ಬರಾದರೂ ಹೊರಗೆ ನಿಂತಿರುತ್ತಿದ್ದರು. ಎಲ್ಲವೂ ಪ್ರೀತಿಯಿಂದಲೇ.

ಚನ್ನವೀರಯ್ಯ ಇಲ್ಲವೆನ್ನಲಿಲ್ಲ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಿಲ್ಲ. ಬೆರಳುದ್ದದ ಕುಡಿ ಸಾಕು, ಸಣ್ಣದಾದಷ್ಟೂ ಬೇಗ ಗಾಯ ಮಾಯುತ್ತದೆ ಎಂದು ನಾನು ಅಂದರೆ, ಸೊಸೆಗೆ ಕಡ್ಡಿ ಕೊಟ್ಟು ಕಳಿಸಲು ತಾನೇನು ಭಿಕಾರಿಯೇ ಎಂದು ನಾಲ್ಕು ಜನರ ಮುಂದೆ ಕೇಳಿದ. ಮೇಲ್ತುದಿಯ ಮೊಳದುದ್ದದ ಕೊಂಬೆಯನ್ನೇ ಕತ್ತರಿಸಬೇಕಾಯಿತು. ಜನ ಅವನ ಔದಾರ್ಯವನ್ನು ಹಾಡಿ ಹೊಗಳಿದರು. ನೀಲಾಳ ಬಾಡಿಗೆ ಮನೆಯ ಪುಟ್ಟ ತೊಟ್ಟಿಯಲ್ಲಿ ಅದು ಹಿಡಿಸಲೇ ಇಲ್ಲ, ತುದಿ ನೀರಿನಿಂದ ಹೊರಗೆ ಇಣುಕುತ್ತಿತ್ತು. ಒಂಬತ್ತನೆಯ ದಿನ ಅದರ ಮೈ ಲೋಳೆಲೋಳೆಯಾಗಿ ಕಳಚಿತು. ತೊಟ್ಟಿಯ ನೀರೆಲ್ಲ ನಾರಿತು.

ಎರಡನೆಯದನ್ನು ನಾನು ಹಟ ಹಿಡಿದು ಹೆಬ್ಬೆರಳಿನಷ್ಟೇ ಕತ್ತರಿಸಿದೆ. ಅಯೋಡಿನ್ ನೀರಿನಲ್ಲಿ ಅದ್ದಿ, ತಳದ ಕಲ್ಲಿಗೆ ಅಂಟಿಸಿ, ದೀಪ ತಗ್ಗಿಸಿ ಬಂದೆ. ಮರುದಿನದಿಂದ ಚನ್ನವೀರಯ್ಯ ಗಿರಣಿಗೆ ಹೋಗುವ ದಾರಿಯಲ್ಲಿ ಬರತೊಡಗಿದ. ದಿನಾ ಬೆಳಿಗ್ಗೆ ಎಂಟಕ್ಕೆ. ಅವನಿಗೆ ಮಂಡಿನೋವಿಲ್ಲ. ನಶ್ಯ ಏರಿಸಿದ ಕೈಯನ್ನು ತೊಳೆಯದೆ ತೊಟ್ಟಿಗೆ ಇಳಿಬಿಟ್ಟು, ಕುಡಿಯನ್ನು ಹಿಡಿದು ಅಲ್ಲಾಡಿಸಿ, ಇನ್ನೂ ಕಚ್ಚಿಲ್ಲವಲ್ಲ ತಾಯಿ ಎಂದು ನಿಟ್ಟುಸಿರು ಬಿಟ್ಟು, ಅವಳ ಕೈಯಿಂದ ಚಹಾ ಕುಡಿದು ಹೋಗುತ್ತಿದ್ದ. ಗೊತ್ತಿದ್ದು ಮಾಡಿದನೋ ಗೊತ್ತಿಲ್ಲದೆ ಮಾಡಿದನೋ ಎಂದು ಆಮೇಲೆ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಕುಡಿಗೆ ಎರಡರಲ್ಲಿ ವ್ಯತ್ಯಾಸವೇನು? ಮೂವತ್ತಾರನೆಯ ದಿನ ಅದು ಬುಡದಿಂದ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಯಾಕೆ ಹೀಗಾಗುತ್ತಿದೆ ಎಂದು ನೀಲಾ ನನ್ನನ್ನು ಕೇಳಿದಳು. ಹಣೆಬರಹ ಎಂದು ಹೇಳಿಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ನಾನು ಆಡಿದ ಅತ್ಯಂತ ಹೇಡಿ ಮಾತು ಅದು.

ಮೂರನೆಯದನ್ನು ಅಂಟಿಸುವ ದಿನ ಅವಳು ಮಷಿನ್ನಿನಿಂದ ಎದ್ದು ಬಂದು ನನ್ನ ಎದುರಿಗೇ ಕೂತಳು. ಅಂಚು ನೆಟ್ಟಗಾಗಲೆಂದು ನಾನು ತೊಟ್ಟಿಯ ಮೇಲೆ ಕೈಯಿಟ್ಟುಕೊಂಡು ಇಕ್ಕಳದಿಂದ ಕುಡಿಯ ಬುಡ ಸವರುತ್ತಿದ್ದೆ.

"ನಿಜ ಹೇಳಿ ಚಂಪಕ್ಕ. ಮಾವ ದಿನಾ ಅಲ್ಲಾಡಿಸೋದ್ರಿಂದ ತಾನೇ ಅದು ಸತ್ತಿದ್ದು?"

ಹೌದು ಅಂದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಹಾಗಾದರೆ ಅವರಿಗೆ ಹೇಳಿ ಅಂದಳು. ನಾಚಿಕೆ ತಡೆಯಲಾರದೆ ಆ ಸಂಜೆಯೇ ಚನ್ನವೀರಯ್ಯನ ಜಗಲಿಗೆ ಹೋದೆ. ಮುಟ್ಟದೆ ಬಿಟ್ಟರೆ ಕಚ್ಚುತ್ತದೆ, ಈ ಒಂದು ಸಲ ನಲವತ್ತು ದಿನ ಆ ಕಡೆ ಹೋಗಬೇಡಿ ಎಂದು ಹೇಳಿದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗುವ ಮನುಷ್ಯನೇ ಅಲ್ಲ.

"ಅಲ್ಲ ಚಂಪಾ, ಇಷ್ಟು ವರ್ಷ ಕತ್ತರಿಸಿದೀಯ. ಒಂದು ದಿನ ಆದ್ರೂ ನಿನ್ನದು ಅಂತ ಒಂದು ಬೆಳೆಸಿದೀಯೇನಮ್ಮ?"

ಸುತ್ತ ಕೂತಿದ್ದವರು ನಕ್ಕರು. ನಾನು ಡಬ್ಬಿ ಎತ್ತಿಕೊಂಡು ಬಂದೆ. ಮರುದಿನ ಎಂಟಕ್ಕೆ ಸರಿಯಾಗಿ ಅವನು ನೀಲಾಳ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಈ ಸಲ ಜೊತೆಗೆ ಅತ್ತೆ ಮತ್ತು ಓರಗಿತ್ತಿಯೂ ಬಂದು ಒಂದೊಂದು ಸಲ ಅಲ್ಲಾಡಿಸಿದರು, ಪ್ರೀತಿಗೆ ಕೊರತೆಯಾಗಬಾರದಲ್ಲ.

ಹದಿನಾಲ್ಕನೆಯ ದಿನ ಪಂಪು ಸದ್ದು ಮಾಡುತ್ತಿದೆ ಎಂದು ನೀಲಾ ಕರೆಸಿದಳು. ಅದನ್ನು ನೋಡಲು ನಾನು ನೆಲದ ಮೇಲೆ ಅಡ್ಡ ಬಿದ್ದು ಗಾಜಿಗೆ ಕೆನ್ನೆ ಒತ್ತಿ ತೊಟ್ಟಿಯ ಹಿಂಭಾಗಕ್ಕೆ ಕಣ್ಣು ಹಾಯಿಸಿದೆ. ಹಿಂದಿನ ಕಲ್ಲಿನ ಬುಡದಲ್ಲಿ, ಕೈ ಹೋಗದಂಥ ಸಂದಿನಲ್ಲಿ, ಹೆಸರುಕಾಳಿನಷ್ಟು ದೊಡ್ಡದೊಂದು ನೇರಳೆ ಚುಕ್ಕೆ ಇತ್ತು. ಕಣ್ಣುಜ್ಜಿ ನೋಡಿದೆ. ಮೂರನೆಯ ಕುಡಿಯ ಬುಡ ಸವರುವಾಗ ಸಿಡಿದ ಚೂರು. ಅದನ್ನು ಯಾರೂ ಅಯೋಡಿನ್ನಿನಲ್ಲಿ ಅದ್ದಲಿಲ್ಲ, ಅಂಟಿಸಲಿಲ್ಲ, ಜಾಗ ಹುಡುಕಿ ಇಡಲಿಲ್ಲ. ಬಿದ್ದಲ್ಲೇ ಬಿದ್ದು, ತನ್ನ ಪಾಡಿಗೆ ತಾನು ಸುತ್ತಲೂ ತೆಳ್ಳಗೆ ಅಂಚು ಹರಡಿಕೊಂಡಿತ್ತು. ನನ್ನ ವಿದ್ಯೆಯ ಮೇಲೆ ನನಗೇ ನಗು ಬಂತು.

ನೀಲಾಳನ್ನೂ ನೆಲದ ಮೇಲೆ ಮಲಗಿಸಿ ತೋರಿಸಿದೆ. ಅವಳು ತುಂಬ ಹೊತ್ತು ಏಳಲೇ ಇಲ್ಲ. ಎದ್ದಾಗ ಕೆನ್ನೆ ಒದ್ದೆಯಾಗಿತ್ತು. ಅದನ್ನು ಮುಟ್ಟಬೇಡ, ಆ ಮೂಲೆಯ ಗಾಜು ಒರೆಸಬೇಡ, ಯಾರಿಗೂ ಉಸಿರೆತ್ತಬೇಡ ಅಂದೆ. ಎದುರಿಗಿರುವ ಕುಡಿ ಹಾಗೇ ಇರಲಿ, ಮಾವ ಅಲ್ಲಾಡಿಸಿಕೊಂಡಿರಲಿ ಎಂದೂ ಹೇಳಿದೆ.

"ಅದಕ್ಕೂ ಜೀವ ಇದೆಯಲ್ಲ ಚಂಪಕ್ಕ," ಅಂದಳು.

"ಇದೆ. ಅದನ್ನ ಒಳಗೆ ಬಚ್ಚಿಟ್ರೆ ಅವರ ಕೈ ಇದನ್ನ ಹುಡುಕ್ತದೆ."

ಅವಳು ಒಪ್ಪಿದಳು, ಆದರೆ ಮನಸ್ಸಿನಿಂದಲ್ಲ. ದಿನಾ ಮಾವ ಹೋದ ಮೇಲೆ ಆ ಎದುರಿನ ಕುಡಿಯನ್ನು ನೆಟ್ಟಗೆ ನಿಲ್ಲಿಸಿ ಬುಡಕ್ಕೆ ಮತ್ತೆ ಅಂಟು ಹಾಕುತ್ತಿದ್ದಳು. ಉಳಿಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ನನಗೆ ಯಾವತ್ತೂ ಯಾವ ಕುಡಿಯ ಮೇಲೂ ಕನಿಕರ ಬಂದದ್ದಿಲ್ಲ, ಆ ಒಂದರ ಮೇಲೆ ಬಂತು.

ಕಳ್ಳಚೂರಿನಿಂದ ಚಿಲಕ ಕೂರುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಟ್ಟಳೆಯ ಪ್ರಕಾರ ಕುಡಿಯನ್ನು ಕೊಡಬೇಕು, ಇಡಬೇಕು, ಹಿರಿಯರು ನೋಡಬೇಕು. ಆದರೆ ಬಾಗಿಲಿಗೆ ಕಟ್ಟಳೆ ಎಷ್ಟರಮಟ್ಟಿಗೆ ತಿಳಿದಿದೆಯೋ ಯಾರು ಕಂಡಿದ್ದಾರೆ? ಮಧ್ಯಾಹ್ನ ಬೀದಿಯವರು ಉಂಡು ತೂಕಡಿಸುವ ಹೊತ್ತಿನಲ್ಲಿ ನೀಲಾ ಚಿಲಕ ಒತ್ತಿ ನೋಡುತ್ತಿದ್ದಳು. ಇಪ್ಪತ್ತೆರಡನೆಯ ದಿನ ಕಡ್ಡಿ ಅಕ್ಕಿಕಾಳಿನಷ್ಟು ತೂತಿನೊಳಗೆ ಹೋಯಿತು. ಮೂವತ್ತನೆಯ ದಿನ ಕಿರುಬೆರಳ ಉಗುರಿನಷ್ಟು. ಮೂವತ್ತೊಂಬತ್ತನೆಯ ದಿನ ಅರ್ಧ ಹೋಗಿ ನಿಂತಿತು. ಅರ್ಧ ಕೂತ ಚಿಲಕ ಕೂತ ಚಿಲಕವಲ್ಲ. ಹೊರಗಿನಿಂದ ತಳ್ಳಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಆ ದಿನ ನಾನು ಅಲ್ಲಿಯೇ ಇದ್ದೆ. ಉಳಿದದ್ದು ಒಂದೇ ದಿನ.

ನಲವತ್ತನೆಯ ಬೆಳಿಗ್ಗೆ ಚನ್ನವೀರಯ್ಯ ಎಂಟಕ್ಕೆ ಐದು ನಿಮಿಷ ಇರುವಾಗಲೇ ಬಂದ. ಜೊತೆಗೆ ಸಾಕ್ಷಿಗೆಂದು ಬೀದಿಯ ಇಬ್ಬರು ಹಿರಿಯರು. ಬಾಗಿಲಲ್ಲಿ ಸಾಮಾನು ಸಾಗಿಸುವ ಆಟೋ ಬೇರೆ. ಸೊಸೆಯ ಟ್ರಂಕು ಮತ್ತು ಮಷಿನ್ನಿಗೆ ಅಂತ. ಎಷ್ಟು ಕಾಳಜಿ ನೋಡಿ. ನಾನು ಕತ್ತರಿಸಿದವಳು, ಇರಲೇಬೇಕಿತ್ತು, ಗೋಡೆಗೆ ಒರಗಿ ನಿಂತಿದ್ದೆ. ನೀಲಾ ಮಷಿನ್ ಮುಂದೆ ಒಂದು ಹಸಿರು ರವಿಕೆಗೆ ತೋಳು ಕೂಡಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಚನ್ನವೀರಯ್ಯ ತೋಳು ಮಡಚಿದ, ಕೈ ಇಳಿಬಿಟ್ಟ, ಕುಡಿಯನ್ನು ಹಿಡಿದ. ಅಲ್ಲಾಡಿಸುವ ಶ್ರಮವೂ ಬೀಳಲಿಲ್ಲ. ಅದು ಕಳಚಿ ಅವನ ಕೈಗೇ ಬಂತು, ಬೆಳ್ಳಗೆ, ಒಣ ಎಲುಬಿನ ಹಾಗೆ. ಅವನು ಅದನ್ನು ಅಂಗೈಯಲ್ಲಿಟ್ಟು ಹಿರಿಯರಿಗೆ ತೋರಿಸಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅಂಥವರಿಗೆ ನೀರು ಬೇಗ ಬರುತ್ತದೆ.

"ಶಿವನ ಇಚ್ಛೆ ತಾಯಿ. ನಿನ್ನ ಮನೆ ನಿನಗೆ ಇದ್ದೇ ಇದೆ, ಹೊರಡು," ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಚಂಪಾ, ನೀನೂ ಒಂದು ಮಾತು ಹೇಳಿಬಿಡು. ಕಚ್ಚಿಲ್ಲ ತಾನೇ?"

ಇಂಥ ಹೊತ್ತಿನಲ್ಲಿ ನಾನು ಯಾವಾಗಲೂ ಹಿರಿಯರ ಮುಖ ನೋಡಿ ಅವರಿಗೆ ಬೇಕಾದ್ದನ್ನು ಹೇಳಿದವಳು. ಆವತ್ತು ನೋಡಲಿಲ್ಲ.

"ನಿಮ್ಮ ಕೈಲಿರೋದು ಕಚ್ಚಿಲ್ಲ," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ನೀಲಾಳಿಗೆ ಆಯಿತು. ಅವಳು ಎದ್ದಳು, ಸೀರೆಯ ಮೇಲಿದ್ದ ದಾರದ ತುಂಡುಗಳನ್ನು ಕೊಡವಿಕೊಂಡಳು, ಹೋಗಿ ಬಾಗಿಲು ಮುಚ್ಚಿದಳು. ಚಿಲಕಕ್ಕೆ ಕೈ ಹಾಕಿ ಒತ್ತಿದಳು. ಅದು ಅರ್ಧಕ್ಕೆ ಹೋಗಿ ನಿಂತಿತು. ಹಿರಿಯರಲ್ಲಿ ಒಬ್ಬ ಕೆಮ್ಮಿದ. ಅವಳು ಕೈ ತೆಗೆಯಲಿಲ್ಲ. ಬಾಗಿಲಿಗೆ ಹಣೆ ಆನಿಸಿ, ಜೋರು ಮಾಡದೆ, ಹಾಗೆಯೇ ಒತ್ತಿ ಹಿಡಿದು ನಿಂತಳು. ಆಮೇಲೆ ಕಡ್ಡಿ ಮೆಲ್ಲಗೆ ಒಳಕ್ಕೆ ಜಾರಿ ಟಕ್ ಎಂದು ಕೂತಿತು.

ಹಿರಿಯರಿಬ್ಬರೂ ತೊಟ್ಟಿಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಎಲ್ಲಿ ಕಚ್ಚಿದೆ ಎಂದು ಕೇಳುವ ಅಧಿಕಾರ ಅವರಿಗೆ ಇರಲಿಲ್ಲ. ಕೂತ ಚಿಲಕದ ಮುಂದೆ ಯಾವ ಸಾಕ್ಷಿಯೂ ನಡೆಯುವುದಿಲ್ಲ. ಚನ್ನವೀರಯ್ಯ ಎರಡು ಹೆಜ್ಜೆ ಬಾಗಿಲ ಕಡೆ ಇಟ್ಟು ನಿಂತುಕೊಂಡ. ನಮ್ಮೂರಿನಲ್ಲಿ ಇನ್ನೊಬ್ಬರ ಮನೆಯ ಕೂತ ಚಿಲಕಕ್ಕೆ ಕೈ ಹಾಕುವುದೆಂದರೆ ಅವರ ತಟ್ಟೆಗೆ ಕೈ ಹಾಕಿದ್ದಕ್ಕಿಂತ ಕೀಳು, ಎಂಥ ಪೋಲಿಯೂ ಹಾಕುವುದಿಲ್ಲ. ಹೊರಗೆ ಆಟೋದವನು ಹಾರ್ನು ಹೊಡೆದ.

ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಸೊಸೆಯ ಹತ್ತಿರ ಏನನ್ನೂ ಕೇಳಿರಲಿಲ್ಲ. ಕೇಳುವ ಮೊದಲೇ ಎಲ್ಲವೂ ಅವನ ಮುಂದೆ ಬಂದಿರುತ್ತಿತ್ತು.

"ಬಾಗಿಲು ತೆಗಿಯಮ್ಮ," ಅಂದ.

"ಕೂತ್ಕೊಳ್ಳಿ ಮಾವ. ಈ ತೋಳೊಂದು ಮುಗಿಸಿ ತೆಗೀತೀನಿ."

ಅವಳು ಮಷಿನ್ ಮುಂದೆ ಕೂತು ಪೆಡಲು ತುಳಿದಳು. ಮೂವರು ಗಂಡಸರು ಚಾಪೆಯ ಮೇಲೆ ಮಂಡಿ ಮಡಚಿ ಕೂತರು. ರವಿಕೆಯ ಒಂದು ತೋಳು ಕೂಡಿಸಲು ಅವಳಿಗೆ ಹತ್ತು ನಿಮಿಷ ಸಾಕು. ಆವತ್ತು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಮುಗಿದ ಮೇಲೆ ಎದ್ದು ಬಾಗಿಲು ತೆಗೆದಳು. ಚನ್ನವೀರಯ್ಯ ಬಿಳಿ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಚಪ್ಪಲಿ ಹುಡುಕುವ ನೆವದಲ್ಲಿ ತಲೆ ತಗ್ಗಿಸಿ ಹೊರಟ. ಹಿರಿಯರು ಹಿಂದೆ ಹೋದರು. ಖಾಲಿ ಆಟೋ ಸದ್ದು ಮಾಡುತ್ತ ಹೋಯಿತು.

ನಾನು ಉಳಿದುಕೊಂಡೆ. ಇಷ್ಟೆಲ್ಲ ಮಾಡಿದ ಮೇಲೆ ಒಂದು ಲೋಟ ಚಹಾ ಸಿಗುತ್ತದೆ, ಇಬ್ಬರೂ ಕೂತು ಆ ಮುದುಕನನ್ನು ಮನಸಾರೆ ಆಡಿಕೊಳ್ಳಬಹುದು ಎಂದು ಆಸೆಪಟ್ಟಿದ್ದೆ. ನೀಲಾ ನನ್ನ ಡಬ್ಬಿಯನ್ನು ತಂದು ಎರಡೂ ಕೈಯಿಂದ ಕೊಟ್ಟಳು.

"ಬೇಜಾರು ಮಾಡ್ಕೋಬೇಡಿ ಚಂಪಕ್ಕ. ನಾಳೆ ಬನ್ನಿ," ಅಂದಳು.

ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲಿಳಿಯುವಾಗ ಹಿಂದೆ ಚಿಲಕ ಕೂತ ಸದ್ದು ಕೇಳಿ ಇನ್ನಷ್ಟು ಬೇಜಾರಾಯಿತು. ಈ ಊರಿನವರಿಗೆ ಉಪಕಾರ ಮಾಡಬಾರದು ಎಂದು ಗೊಣಗಿಕೊಂಡೇ ಮನೆ ಸೇರಿದೆ. ಮರುದಿನ ಊಟದ ಹೊತ್ತು ಕಳೆದ ಮೇಲೆ ಹೋದೆ. ಬಾಗಿಲು ಮುಚ್ಚಿತ್ತು. ತಳ್ಳಲು ಎತ್ತಿದ ಕೈಯನ್ನು ತಡೆದು, ಬೆರಳಿನಿಂದ ತಟ್ಟಿದೆ. ಒಳಗಿನಿಂದ ಉತ್ತರ ಬರಲಿಲ್ಲ, ಮಷಿನ್ನಿನ ಸದ್ದೂ ಇರಲಿಲ್ಲ. ಎರಡನೆಯ ಸಲ ತಟ್ಟದೆ ಬಂದುಬಿಟ್ಟೆ.